ಕೆಲಸ ಬಿಡಲೇ, ಬೇಡವೇ? ನಡುವಯಸ್ಸಿನಲ್ಲಿ ವೃತ್ತಿ ಬದಲಿಸುವವರಿಗೆ ಹಂತ ಹಂತದ ಮಾರ್ಗದರ್ಶಿ

"ಈ ಕೆಲಸ ಸಾಕಾಗಿಹೋಗಿದೆ. ಬೇರೆ ಏನಾದರೂ ಮಾಡಬೇಕು. ಆದರೆ ಮನೆ ನಡೆಯುವುದೇ ನನ್ನ ಸಂಬಳದಲ್ಲಿ. ಬಿಡಲೇ, ಬೇಡವೇ?" ಮಾತುಗಳು ಬೇರೆ ಬೇರೆಯಾದರೂ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದೇ. ಕೇಳುವವರಿಗೆ ಸಾಮಾನ್ಯವಾಗಿ ನಲವತ್ತರ ಆಚೀಚೆ ವಯಸ್ಸು. ಸಾಲದ ಕಂತು ಕಟ್ಟುತ್ತಿರುತ್ತಾರೆ, ಮಕ್ಕಳು ಓದುತ್ತಿರುತ್ತಾರೆ, ಅಪ್ಪ ಅಮ್ಮನಿಗೆ ವಯಸ್ಸಾಗಿರುತ್ತದೆ.

ಹೌದು ಅಥವಾ ಇಲ್ಲ ಎಂಬ ಉತ್ತರವನ್ನು ನಾನು ಕೊಡಲಾರೆ, ಕೊಡುವವರನ್ನು ನೀವು ನಂಬಲೂಬಾರದು. ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದದ್ದು ಇಷ್ಟು: ಈ ಬದಲಾವಣೆಗಾಗಿ ನಮ್ಮ ಮನೆ ಎಷ್ಟು ಹಣ, ಎಷ್ಟು ತಿಂಗಳು ಕೊಡಬಲ್ಲದು? ಅಷ್ಟರೊಳಗೆ ಕೈಗೂಡದಿದ್ದರೆ ಮುಂದೇನು? ಇವೆರಡಕ್ಕೂ ಕಾಗದದ ಮೇಲೆ ಉತ್ತರ ಬರೆದವರಿಗೆ ಮೊದಲಿನ ಪ್ರಶ್ನೆ ಅಷ್ಟಾಗಿ ಕಾಡುವುದಿಲ್ಲ.

ಶುರು ಮಾಡುವ ಮೊದಲು ಇವನ್ನು ಒಟ್ಟುಮಾಡಿಕೊಳ್ಳಿ: ಕಳೆದ 12 ತಿಂಗಳ ಬ್ಯಾಂಕ್ ಖಾತೆಯ ವಿವರ, ಸಾಲಗಳ ಕಾಗದಪತ್ರ, ಮನೆಯವರೆಲ್ಲರ ವಿಮಾ ಪಾಲಿಸಿಗಳು, ನಿಮ್ಮ ನೇಮಕಾತಿ ಪತ್ರ ಮತ್ತು ಒಂದು ನೋಟ್‌ಬುಕ್. ಎರಡು ತಿಂಗಳ ಬಿಡುವಿನ ವೇಳೆಯೂ ಬೇಕು. ಒಂದೇ ಭಾನುವಾರ ಕುಳಿತು ಮುಗಿಸುವ ಕೆಲಸ ಇದಲ್ಲ.

1. ಬೇಸರ ಎಲ್ಲಿಯದು ಎಂದು ಪತ್ತೆಮಾಡಿ

ಬೇಸರ ಮೇಲಧಿಕಾರಿಯಿಂದ ಬಂದಿರಬಹುದು, ಸಂಸ್ಥೆಯಿಂದ ಬಂದಿರಬಹುದು, ವೃತ್ತಿಯಿಂದಲೇ ಬಂದಿರಬಹುದು. ಮೊದಲಿನ ಎರಡಕ್ಕೆ ಅದೇ ವೃತ್ತಿಯಲ್ಲಿ ಬೇರೆ ಕಡೆ ಕೆಲಸ ಹುಡುಕಿಕೊಂಡರೆ ಸಾಕು. ಒಬ್ಬ ಮೇಲಧಿಕಾರಿಯ ಕಿರುಕುಳ ತಾಳಲಾರದೆ ಹದಿನೈದು ವರ್ಷ ಕಲಿತ ವಿದ್ಯೆಯನ್ನೇ ಬಿಟ್ಟುಕೊಡುವುದು ತೀರಾ ದುಬಾರಿ ವ್ಯವಹಾರ.

ಎರಡು ವಾರ ಪ್ರತಿ ಸಂಜೆ ಮೂರು ಸಾಲು ಬರೆಯಿರಿ: ಇವತ್ತು ಯಾವ ಕೆಲಸ ಮಾಡಿದೆ, ಆಗ ಹೇಗನ್ನಿಸಿತು, ಜೊತೆಗೆ ಯಾರಿದ್ದರು. ಕೊನೆಗೆ ಓದಿ ನೋಡಿ. ಕಹಿ ಸಾಲುಗಳಲ್ಲೆಲ್ಲ ಒಂದೇ ಹೆಸರು ಬರುತ್ತಿದ್ದರೆ ಕಾರಣ ವ್ಯಕ್ತಿ. ಹೆಸರುಗಳು ಬದಲಾದರೂ ಅದೇ ಬಗೆಯ ಕೆಲಸ ಬರುತ್ತಿದ್ದರೆ ಕಾರಣ ವೃತ್ತಿ.

ಇಲ್ಲಿ ಒಂದು ಎಚ್ಚರಿಕೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ 'ಬರ್ನ್‌ಔಟ್', ಅಂದರೆ ಕೆಲಸದ ಒತ್ತಡ ಬಹುಕಾಲ ಹಾಗೇ ಉಳಿದು ಉಂಟಾಗುವ ಬಳಲಿಕೆಗೆ, ಮೂರು ಲಕ್ಷಣಗಳನ್ನು ಹೇಳಲಾಗಿದೆ: ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದ ಬಗ್ಗೆ ಮನಸ್ಸು ದೂರವಾಗಿ ಕಹಿಯಾಗುವುದು, ಮಾಡಿದ್ದು ಯಾವುದೂ ಸರಿಹೋಗುತ್ತಿಲ್ಲ ಎನ್ನಿಸುವುದು. ಈ ಸ್ಥಿತಿಯಲ್ಲಿರುವವರಿಗೆ ಬೇರೆ ಯಾವ ವೃತ್ತಿಯಾದರೂ ದೂರದ ಬೆಟ್ಟದಂತೆ ನುಣ್ಣಗೆ ಕಾಣುತ್ತದೆ. ಮೊದಲು ರಜೆ ಹಾಕಿ, ನಿದ್ರೆ ಮಾಡಿ, ತೀರ್ಮಾನ ಆಮೇಲೆ. ಕೆಲಸದಾಚೆಗೂ ಯಾವುದೂ ಬೇಡವೆನಿಸುತ್ತಿದ್ದರೆ, ಊಟ ನಿದ್ರೆ ಕೆಟ್ಟಿದ್ದರೆ, ವೃತ್ತಿ ಸಲಹೆಗಾರರಿಗಿಂತ ಮೊದಲು ವೈದ್ಯರನ್ನು ಕಾಣಿ.

ವಯಸ್ಸಿನ ಪಾಲೂ ಇದರಲ್ಲಿ ಇರಬಹುದು. ಅರ್ಥಶಾಸ್ತ್ರಜ್ಞರಾದ ಡೇವಿಡ್ ಬ್ಲಾಂಚ್‌ಫ್ಲವರ್ ಮತ್ತು ಆಂಡ್ರ್ಯೂ ಆಸ್ವಾಲ್ಡ್ ಹಲವು ದೇಶಗಳ ಅಂಕಿಅಂಶ ಜೋಡಿಸಿ, ಬದುಕಿನ ಬಗೆಗಿನ ತೃಪ್ತಿ ನಡುವಯಸ್ಸಿನಲ್ಲಿ ತಳ ಮುಟ್ಟಿ ಮತ್ತೆ ಏರುತ್ತದೆ ಎಂದು 2008ರಲ್ಲಿ ವಾದಿಸಿದರು. ಇದನ್ನು ಒಪ್ಪದ ಸಂಶೋಧಕರೂ ಇದ್ದಾರೆ. ಆದರೂ ಎಲ್ಲ ಅತೃಪ್ತಿಯನ್ನೂ ಕಚೇರಿಯ ತಲೆಗೆ ಕಟ್ಟುವ ಮೊದಲು ಇದು ನೆನಪಿನಲ್ಲಿರಲಿ.

2. ಮನೆ ಎಷ್ಟು ತಿಂಗಳು ತಾಳುತ್ತದೆ?

ಈ ಮಾರ್ಗದರ್ಶಿಯಲ್ಲಿ ಒಂದೇ ಹಂತ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬಹಳ ಮಂದಿ ಎಡವುವುದು ಇಲ್ಲಿಯೇ. ಅವರಿಗೆ ಲೆಕ್ಕ ಬರುವುದಿಲ್ಲ ಎಂದಲ್ಲ, ಅರ್ಧ ಲೆಕ್ಕ ಮಾಡಿ ಸಮಾಧಾನಪಟ್ಟುಕೊಳ್ಳುತ್ತಾರೆ.

ಒಂದು ಮನೆಯ ಉದಾಹರಣೆ ನೋಡೋಣ. ಯಾವ ದೇಶದ ನಾಣ್ಯಕ್ಕೂ ಹೊಂದುವಂತೆ, ವೃತ್ತಿ ಬದಲಿಸಲಿರುವವರ ಕೈಗೆ ಬರುವ ತಿಂಗಳ ಸಂಬಳವನ್ನು 100 ಎಂದು ಇಟ್ಟುಕೊಳ್ಳೋಣ. ಸಂಗಾತಿಯ ಸಂಪಾದನೆ 35. ಬಿಡಲಾಗದ ಖರ್ಚು, ಅಂದರೆ ಕಂತು, ದಿನಸಿ, ಔಷಧ, ಬಾಡಿಗೆ, ವಿದ್ಯುತ್ತು ಎಲ್ಲ ಸೇರಿ ತಿಂಗಳಿಗೆ 85. ಸುಲಭವಾಗಿ ತೆಗೆಯಬಹುದಾದ ಉಳಿತಾಯ 700.

ಅರ್ಧ ಲೆಕ್ಕ ಹೀಗಿರುತ್ತದೆ: 85ರಲ್ಲಿ ಸಂಗಾತಿಯ 35 ಕಳೆದರೆ ತಿಂಗಳ ಕೊರತೆ 50. 700ನ್ನು 50ರಿಂದ ಭಾಗಿಸಿದರೆ 14 ತಿಂಗಳು. ವರ್ಷಕ್ಕೂ ಮೇಲಾಯಿತು, ಇನ್ನೇನು ಬೇಕು?

ಪೂರ್ತಿ ಲೆಕ್ಕ ಮಾಡೋಣ. ವರ್ಷಕ್ಕೊಮ್ಮೆ ಬರುವ ಖರ್ಚುಗಳು ತಿಂಗಳ ಪಟ್ಟಿಯಲ್ಲಿ ಕಾಣುವುದಿಲ್ಲ: ಶಾಲಾ ಶುಲ್ಕ, ವಿಮೆಯ ಕಂತು, ತೆರಿಗೆ, ವಾಹನದ ರಿಪೇರಿ. 12 ತಿಂಗಳ ಬ್ಯಾಂಕ್ ವಿವರ ಕೇಳಿದ್ದು ಇದಕ್ಕಾಗಿಯೇ. ಇವು ವರ್ಷಕ್ಕೆ 96 ಆದರೆ ತಿಂಗಳಿಗೆ 8. ಹಾಗಾಗಿ ಖರ್ಚು 93, ಕೊರತೆ 58. ಇನ್ನು ಉಳಿತಾಯದ ಕಡೆಗೆ ಬನ್ನಿ. ತುರ್ತು ನಿಧಿ, ಅಂದರೆ ಆಸ್ಪತ್ರೆಯಂಥ ಆಪತ್ತಿಗೆಂದು ಮುಟ್ಟದೆ ಇಡುವ ಹಣ, ಮೂರು ತಿಂಗಳ ಖರ್ಚಿನಷ್ಟಾದರೂ ಇರಬೇಕು: 279. ಅದನ್ನು ತೆಗೆದಿಟ್ಟರೆ ಉಳಿಯುವುದು 421. ಹೊಸ ವೃತ್ತಿಗೆ ಬೇಕಾದ ಕಲಿಕೆಗೂ ಉಪಕರಣಕ್ಕೂ 90 ಹಿಡಿದರೆ 331. ಅದನ್ನು 58ರಿಂದ ಭಾಗಿಸಿ: ಆರು ತಿಂಗಳೂ ಪೂರ್ತಿ ಇಲ್ಲ.

ಮನೆ ಅದೇ, ಹಣವೂ ಅದೇ. ಹದಿನಾಲ್ಕು ತಿಂಗಳು ಐದೂವರೆ ಚಿಲ್ಲರೆಗೆ ಇಳಿಯಿತು.

ಸಮಯದ ಅಂದಾಜನ್ನೂ ತಿದ್ದಬೇಕು. ಯಾವುದೇ ಕೆಲಸಕ್ಕೆ ಬೇಕಾಗುವ ಕಾಲವನ್ನು ನಾವು ಕಡಿಮೆಯಾಗಿಯೇ ಊಹಿಸುತ್ತೇವೆ. ಡೇನಿಯಲ್ ಕಾನ್‌ಮನ್ ಮತ್ತು ಏಮೋಸ್ ಟ್ವರ್ಸ್ಕಿ ಎಂಬ ಮನೋವಿಜ್ಞಾನಿಗಳು 1979ರಲ್ಲಿ ಇದನ್ನು ಗುರುತಿಸಿ ಹೆಸರಿಟ್ಟರು; ಕನ್ನಡದಲ್ಲಿ ಯೋಜನಾ ಭ್ರಮೆ ಎನ್ನಬಹುದು. ಹೊಸ ಸಂಪಾದನೆ ಆರು ತಿಂಗಳಲ್ಲಿ ಬರುತ್ತದೆ ಎಂದು ನಿಮಗನ್ನಿಸಿದರೆ ಒಂಬತ್ತು ಎಂದು ಬರೆದುಕೊಳ್ಳಿ. ಒಂದೂವರೆ ಪಟ್ಟು ಮಾಡುವುದು ನನ್ನ ರೂಢಿ, ಇದೇನೂ ವಿಜ್ಞಾನದ ನಿಯಮವಲ್ಲ. ನಮ್ಮ ಉದಾಹರಣೆಯ ಮನೆಗೆ ಒಂಬತ್ತು ತಿಂಗಳಿಗೆ 522 ಬೇಕು, ಇರುವುದು 331.

ಹಾಗಾದರೆ ಆಸೆ ಬಿಡಬೇಕೆ? ಬೇಕಿಲ್ಲ. ಆ ಅವಧಿಯಲ್ಲಿ ಹಳೆಯ ವಿದ್ಯೆಯಿಂದಲೇ ಅರೆಕಾಲಿಕವಾಗಿ ತಿಂಗಳಿಗೆ 25 ಸಂಪಾದಿಸಿದರೆ ಕೊರತೆ 33ಕ್ಕೆ ಇಳಿಯುತ್ತದೆ, ಅದೇ 331 ಹತ್ತು ತಿಂಗಳು ಬರುತ್ತದೆ. ಹಳೆಯ ಸಂಬಳದ ಕಾಲು ಭಾಗ ಮನೆಯ ತಾಳಿಕೆಯನ್ನು ಹೆಚ್ಚುಕಡಿಮೆ ಇಮ್ಮಡಿ ಮಾಡಿತು. ಇಡೀ ಉಳಿತಾಯವನ್ನು ಹೆಚ್ಚಿಸುವುದಕ್ಕಿಂತ ಸಣ್ಣದೊಂದು ನಿಯಮಿತ ಆದಾಯ ಉಳಿಸಿಕೊಳ್ಳುವುದು ಎಷ್ಟೋ ಸುಲಭ.

ಈಗ ನಿಮ್ಮ ಅಂಕಿಗಳನ್ನು ಹಾಕಿ ಇದೇ ಲೆಕ್ಕ ಮಾಡಿ. ಮಾಡುವಾಗ ನಿವೃತ್ತಿಯ ಹಣದ ಕಡೆ ಕೈ ಚಾಚಬೇಡಿ. ಹಣ ಇಮ್ಮಡಿಯಾಗಲು ಎಷ್ಟು ವರ್ಷ ಬೇಕೆಂದು ತಿಳಿಯಲು 72ನ್ನು ಬಡ್ಡಿದರದಿಂದ ಭಾಗಿಸುವ ಹಳೆಯ ಸೂತ್ರವೊಂದಿದೆ. ಶೇಕಡಾ 8ರ ಬೆಳವಣಿಗೆಯಲ್ಲಿ ಅದು 9 ವರ್ಷ. 42ನೇ ವಯಸ್ಸಿನಲ್ಲಿ ತೆಗೆದ 100, ಅಲ್ಲೇ ಬಿಟ್ಟಿದ್ದರೆ 60ರ ವೇಳೆಗೆ ಸುಮಾರು 400 ಆಗುತ್ತಿತ್ತು. ಬೆಲೆ ಏರಿಕೆ ಅದರಲ್ಲಿ ಒಂದಷ್ಟು ನುಂಗುತ್ತದೆ, ನಿಜ. ಆದರೂ ಇಪ್ಪತ್ತರ ಹರೆಯದವರಿಗೆ ಮರಳಿ ಕೂಡಿಸಲು ಇರುವಷ್ಟು ಕಾಲ ನಿಮಗಿಲ್ಲ.

3. ಮನೆಯವರೊಂದಿಗೆ ಮಾತನಾಡಿ, ತೀರ್ಮಾನಕ್ಕೆ ಮೊದಲು

"ನಾನು ತೀರ್ಮಾನಿಸಿಬಿಟ್ಟಿದ್ದೇನೆ, ನೀನು ಜೊತೆಗಿರು" ಎನ್ನುವುದು ಮಾತುಕತೆಯಲ್ಲ, ಪ್ರಕಟಣೆ. ಎರಡನೆಯ ಹಂತದ ಹಾಳೆಯನ್ನು ಮುಂದಿಟ್ಟುಕೊಂಡು ಇಬ್ಬರೂ ಕುಳಿತುಕೊಳ್ಳಿ. ಮೊದಲ ಸಲ ಅಂಕಿಗಳನ್ನಷ್ಟೇ ನೋಡಿ, ಅವು ಸರಿಯೇ ಎಂದು ಕೇಳಿ. ಮನೆಯ ಖರ್ಚಿನ ನಿಜವಾದ ಲೆಕ್ಕ ಎಷ್ಟೋ ಸಲ ನಿಮಗಿಂತ ಸಂಗಾತಿಗೆ ಚೆನ್ನಾಗಿ ಗೊತ್ತಿರುತ್ತದೆ. ನಿಮ್ಮ 85 ಅವರ ಕೈಯಲ್ಲಿ 92 ಆದರೆ ಆಶ್ಚರ್ಯಪಡಬೇಡಿ.

ಒಂದು ವಾರ ಬಿಟ್ಟು ಎರಡನೆಯ ಸಲ ಕುಳಿತಾಗ ಕೇಳಬೇಕಾದದ್ದು ಇವು. ಏನೇ ಆದರೂ ಬಿಟ್ಟುಕೊಡಲಾಗದ್ದು ಯಾವುದು? ಮಗಳ ಶಾಲೆ ಬದಲಾಗಕೂಡದು ಎಂದಿರಬಹುದು, ಈ ಮನೆ ಬಿಡಕೂಡದು ಎಂದಿರಬಹುದು. ಆದಾಯ ನಿಂತ ತಿಂಗಳುಗಳಲ್ಲಿ ಮನೆಗೆಲಸ ಹೇಗೆ ಹಂಚಿಕೊಳ್ಳುವುದು? ಇದನ್ನು ಮರೆಯುವವರೇ ಹೆಚ್ಚು: ಮನೆಯಲ್ಲಿ ಕುಳಿತು ಕಲಿಯುವವರಿಗೆ ತಾವು ಪೂರ್ತಿ ದಿನ ದುಡಿಯುತ್ತಿದ್ದೇವೆ ಎನ್ನಿಸುತ್ತದೆ, ಹೊರಗೆ ದುಡಿದು ಬಂದವರಿಗೆ ಇವರು ಇಡೀ ದಿನ ಮನೆಯಲ್ಲೇ ಇದ್ದರಲ್ಲ ಎನ್ನಿಸುತ್ತದೆ. ಜಗಳ ಹುಟ್ಟುವುದು ಹಣದಿಂದಲ್ಲ, ತೊಳೆಯದ ಪಾತ್ರೆಯಿಂದ. ಕೊನೆಯ ಪ್ರಶ್ನೆ: ಸಂಗಾತಿಗೂ ಇಂಥದ್ದೇ ಆಸೆಯಿದ್ದರೆ ಅವರ ಸರದಿ ಯಾವಾಗ?

ಹತ್ತು ವರ್ಷ ದಾಟಿದ ಮಕ್ಕಳಿಗೆ ವಿಷಯ ತಿಳಿಸಿ, ಆದರೆ ತೀರ್ಮಾನದ ಹೊರೆ ಹೊರಿಸಬೇಡಿ. ಏನು ಬದಲಾಗುತ್ತದೆ, ಏನು ಬದಲಾಗುವುದಿಲ್ಲ ಎಂಬುದು ಅವರಿಗೆ ಗೊತ್ತಾದರೆ ಸಾಕು. ಬಾಗಿಲ ಸಂದಿಯಲ್ಲಿ ಅರ್ಧಂಬರ್ಧ ಕೇಳಿಸಿಕೊಂಡ ಮಾತು ಅವರನ್ನು ಹೆಚ್ಚು ಹೆದರಿಸುತ್ತದೆ. ದೂರದ ನೆಂಟರಿಗೆ ಈಗಲೇ ಹೇಳುವ ಅಗತ್ಯ ನನಗೆ ಕಾಣುವುದಿಲ್ಲ.

4. ಹೊಸ ಕೆಲಸದ ರುಚಿ ನೋಡಿ

ಆ ವೃತ್ತಿಯಲ್ಲಿ ಈಗಾಗಲೇ ಇರುವ ಐದಾರು ಮಂದಿಯೊಡನೆ ಮಾತನಾಡಿ. ಆಪ್ತ ಗೆಳೆಯರಲ್ಲಿ ಅಂಥವರು ಸಿಗದಿದ್ದರೆ ಚಿಂತೆಯಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಷ್ಟು ಹಿಂದೆಯೇ ತೋರಿಸಿದಂತೆ, ಕೆಲಸದ ಹೊಸ ಸುದ್ದಿ ಬರುವುದು ಹೆಚ್ಚಾಗಿ ಅಪರೂಪಕ್ಕೆ ಭೇಟಿಯಾಗುವ ಪರಿಚಯದವರಿಂದ. ಹತ್ತಿರದವರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ಹಳೆಯ ಸಹೋದ್ಯೋಗಿ, ಕಾಲೇಜಿನಲ್ಲಿ ಹಿಂದಿನ ಬೆಂಚಿನಲ್ಲಿದ್ದವರು, ಇಂಥವರಿಗೆ ಫೋನ್ ಮಾಡಿ.

"ಈ ಕೆಲಸ ಹೇಗಿದೆ?" ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಉತ್ತರ ಬರುತ್ತದೆ. ಹೀಗೆ ಕೇಳಿ: ಕಳೆದ ಮಂಗಳವಾರ ಬೆಳಗ್ಗಿನಿಂದ ಸಂಜೆಯವರೆಗೆ ಏನೇನು ಮಾಡಿದಿರಿ? ನಿಮ್ಮ ಜೊತೆ ಶುರು ಮಾಡಿದವರಲ್ಲಿ ಬಿಟ್ಟುಹೋದವರು ಯಾಕೆ ಹೋದರು? ಮೊದಲ ಸಂಪಾದನೆಗೆ ಎಷ್ಟು ಕಾಲ ಹಿಡಿಯಿತು? ನನ್ನ ವಯಸ್ಸಿನವರನ್ನು ತೆಗೆದುಕೊಳ್ಳುತ್ತಾರೆಯೇ?

ಆಮೇಲೆ ಆ ಕೆಲಸದ ಒಂದು ತುಂಡನ್ನು ನೀವೇ ಮಾಡಿ. ಬೋಧನೆಗೆ ಹೋಗಬೇಕೆಂದಿದ್ದರೆ ವಾರಾಂತ್ಯದಲ್ಲಿ ಒಂದು ತರಗತಿ ತೆಗೆದುಕೊಳ್ಳಿ, ಉತ್ತರಪತ್ರಿಕೆಗಳನ್ನೂ ತಿದ್ದಿ. ಅನುವಾದವಾದರೆ ಹತ್ತು ಪುಟ ಗಡುವಿನೊಳಗೆ ಮುಗಿಸಿಕೊಡಿ. ಸ್ವಂತ ವ್ಯಾಪಾರವಾದರೆ ಅಪರಿಚಿತರಿಗೆ ಏನನ್ನಾದರೂ ಮಾರಿ ಹಣ ಪಡೆಯಿರಿ. ಗೆಳೆಯರ ಮೆಚ್ಚುಗೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಬಾರದು. ಗಮನಿಸಬೇಕಾದದ್ದು ಆ ಕೆಲಸದ ಬೇಸರದ ಭಾಗ ನಿಮಗೆ ಸಹ್ಯವೇ ಎಂಬುದನ್ನು. ಯಾವ ವೃತ್ತಿಯಲ್ಲೂ ಅದೇ ದೊಡ್ಡ ಪಾಲು.

ಈ ಹಂತದ ದೊಡ್ಡ ಬಲೆ ದುಬಾರಿ ಕೋರ್ಸು. ಶುಲ್ಕ ಕಟ್ಟಿದ ಕೂಡಲೇ ಏನೋ ಮುಂದುವರಿದೆವು ಎಂಬ ಸಮಾಧಾನ ಬರುತ್ತದೆ, ಆದರೆ ಮೂಗಿಗಿಂತ ಮೂಗುತಿ ಭಾರವಾಗಬಹುದು. ಹಣ ಕಟ್ಟುವ ಮೊದಲು ಆ ಪ್ರಮಾಣಪತ್ರವಿಲ್ಲದೆ ಈ ಕೆಲಸ ಸಿಗುವುದೇ ಇಲ್ಲವೇ ಎಂದು ಕೆಲಸ ಕೊಡುವವರನ್ನು ಕೇಳಿ, ಕೋರ್ಸು ಮಾರುವವರನ್ನಲ್ಲ. ವೈದ್ಯಕೀಯ, ಕಾನೂನು, ಶಾಲಾ ಬೋಧನೆಯಂಥ ಕಡೆ ಪದವಿ ಅಥವಾ ಪರವಾನಗಿ ಕಡ್ಡಾಯವಾಗಿರುತ್ತದೆ. ಉಳಿದ ಎಷ್ಟೋ ಕಡೆ ಮಾಡಿ ತೋರಿಸಿದ ಕೆಲಸಕ್ಕೇ ಬೆಲೆ.

5. ದಾರಿ ಆರಿಸಿ

ಸುಲಭದಿಂದ ಕಷ್ಟದ ಕಡೆಗೆ ಹೇಳುವುದಾದರೆ: ಇರುವ ಸಂಸ್ಥೆಯಲ್ಲೇ ಬೇರೆ ವಿಭಾಗಕ್ಕೆ ಹೋಗುವುದು, ಹಳೆಯ ಕ್ಷೇತ್ರದ ಅನುಭವ ಬಳಕೆಗೆ ಬರುವ ಪಕ್ಕದ ವೃತ್ತಿಗೆ ಹೋಗುವುದು, ಕೆಲಸದಲ್ಲಿದ್ದುಕೊಂಡೇ ಹೊಸದನ್ನು ಬೆಳೆಸಿ ಆಮೇಲೆ ಬಿಡುವುದು, ಪೂರ್ತಿ ಬಿಟ್ಟು ಮೊದಲಿನಿಂದ ಶುರು ಮಾಡುವುದು.

"ಎರಡು ದೋಣಿಯಲ್ಲಿ ಕಾಲಿಟ್ಟವರು ಮುಳುಗುತ್ತಾರೆ" ಎಂದು ಹೆದರಿಸುವವರಿದ್ದಾರೆ. ಸ್ವಂತ ಉದ್ಯಮದ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಜೋಸೆಫ್ ರಾಫೀ ಮತ್ತು ಜೀ ಫೆಂಗ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಂಬಳದ ಕೆಲಸದಲ್ಲಿದ್ದುಕೊಂಡು ಉದ್ಯಮ ಆರಂಭಿಸಿ ಆಮೇಲೆ ಅದಕ್ಕೇ ಪೂರ್ತಿ ಇಳಿದವರಲ್ಲಿ ಸೋಲಿನ ಸಾಧ್ಯತೆ, ಮೊದಲೇ ಕೆಲಸ ಬಿಟ್ಟು ಇಳಿದವರಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಕುಟುಂಬ ಸಾಕುವವರಿಗೆ ಎರಡನೆಯ ಮತ್ತು ಮೂರನೆಯ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ನೇಮಕಾತಿ ಪತ್ರ ಓದದೆ ಮೂರನೆಯದಕ್ಕೆ ಇಳಿಯಬೇಡಿ. ಹೊರಗಿನ ಸಂಪಾದನೆಗೆ ಅನುಮತಿ ಬೇಕೆಂಬ ಷರತ್ತು ಹಲವು ಕಡೆ ಇರುತ್ತದೆ.

6. ನಿಲ್ಲುವ ಗೆರೆಯನ್ನು ಮೊದಲೇ ಎಳೆಯಿರಿ

ಹಣ ಸುರಿದ ಮೇಲೆ, "ಇಷ್ಟು ಹಾಕಿದ್ದೇವೆ, ಇನ್ನು ಸ್ವಲ್ಪ ನೋಡೋಣ" ಎಂಬ ಮಾತು ಬಂದೇ ಬರುತ್ತದೆ. ಆಗ ತರ್ಕ ಕೆಲಸ ಮಾಡುವುದಿಲ್ಲ. ಆದ್ದರಿಂದ ತಲೆ ತಣ್ಣಗಿರುವಾಗ ಎರಡು ಅಂಕಿ ಬರೆದು ಇಬ್ಬರೂ ಸಹಿ ಹಾಕಿ: ಇಷ್ಟು ದಿನಾಂಕದೊಳಗೆ ಇಷ್ಟು ಆದಾಯ ಬರದಿದ್ದರೆ ಹಳೆಯ ಕ್ಷೇತ್ರದಲ್ಲಿ ಕೆಲಸ ಹುಡುಕಲು ಶುರು, ಉಳಿತಾಯ ಇಷ್ಟಕ್ಕಿಂತ ಕೆಳಗಿಳಿದರೂ ಅದೇ. ಗೆರೆ ತುರ್ತು ನಿಧಿಯ ಅಂಚಿನಲ್ಲಿದ್ದರೆ ತಡವಾಯಿತು. ಕೆಲಸ ಹುಡುಕಲು ಬೇಕಾದ ನಾಲ್ಕಾರು ತಿಂಗಳನ್ನು ಕಳೆದು ಎಳೆಯಿರಿ. ಉದಾಹರಣೆಯ ಮನೆಯಲ್ಲಿ ತಿಂಗಳಿಗೆ 33ರಂತೆ ನಾಲ್ಕು ತಿಂಗಳಿಗೆ 132, ತುರ್ತು ನಿಧಿ 279. ಹಾಗಾಗಿ ಬ್ಯಾಂಕಿನಲ್ಲಿ 411 ಉಳಿದ ದಿನವೇ ಹುಡುಕಾಟ ಆರಂಭವಾಗಬೇಕು.

ಇದರ ಜೊತೆಗೆ ಗ್ಯಾರಿ ಕ್ಲೈನ್ ಎಂಬ ಮನೋವಿಜ್ಞಾನಿ ಹೇಳಿಕೊಟ್ಟ ಒಂದು ಅಭ್ಯಾಸ ಮಾಡಿ. ಒಂದು ವರ್ಷ ಕಳೆದಿದೆ, ಯೋಜನೆ ಪೂರ್ತಿ ನೆಲಕಚ್ಚಿದೆ ಎಂದುಕೊಂಡು, ಹಾಗಾದದ್ದೇಕೆ ಎಂದು ಮನೆಯವರೆಲ್ಲ ಬೇರೆ ಬೇರೆ ಚೀಟಿಯಲ್ಲಿ ಬರೆಯಿರಿ. "ಏನಾದರೂ ತೊಂದರೆ ಆಗಬಹುದೇ?" ಎಂದು ಕೇಳಿದಾಗ ಹೊರಬಾರದ ಮಾತು ಆ ಚೀಟಿಗಳಲ್ಲಿ ಬರುತ್ತದೆ.

ಲೆಕ್ಕ ಸರಿಯಿದೆ, ಮನೆಯವರೂ ಒಪ್ಪಿದ್ದಾರೆ, ಆದರೂ ವರ್ಷಗಟ್ಟಲೆ ಹಿಂದೆಮುಂದೆ ನೋಡುತ್ತಿರುವವರೂ ಇದ್ದಾರೆ. ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇಂಥ ದ್ವಂದ್ವದಲ್ಲಿದ್ದವರಿಂದ ನಾಣ್ಯ ಚಿಮ್ಮಿಸಿ ನೋಡಿದರು. ಕೆಲಸ ಬಿಡುವಂಥ ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಆರು ತಿಂಗಳ ನಂತರ, ಮಾಡಿಕೊಳ್ಳದವರಿಗಿಂತ ಹೆಚ್ಚು ಸಂತೋಷವಾಗಿದ್ದೇವೆ ಎಂದರು. ತಾವಾಗಿಯೇ ಮುಂದೆ ಬಂದವರ ಅಧ್ಯಯನ ಅದು, ಎಲ್ಲರಿಗೂ ಅನ್ವಯಿಸದು. ಆದರೆ ಎಲ್ಲ ಸಿದ್ಧತೆ ಮುಗಿದ ಮೇಲೂ ಎಳೆಯುತ್ತಿದ್ದರೆ, ನಿಮ್ಮನ್ನು ತಡೆಯುತ್ತಿರುವುದು ಲೆಕ್ಕವಂತೂ ಅಲ್ಲ.

7. ರಾಜೀನಾಮೆಗೆ ಮೊದಲು

ಆರೋಗ್ಯ ವಿಮೆ: ಸಂಸ್ಥೆ ಕೊಟ್ಟದ್ದು ಸಾಮಾನ್ಯವಾಗಿ ಕೆಲಸದೊಂದಿಗೇ ಮುಗಿಯುತ್ತದೆ. ಮನೆಯವರೆಲ್ಲರಿಗೂ ಸ್ವಂತ ಪಾಲಿಸಿ ಮೊದಲೇ ಮಾಡಿಸಿ. ಈಗಾಗಲೇ ಇರುವ ಕಾಯಿಲೆಗಳಿಗೆ ಹಲವು ಪಾಲಿಸಿಗಳಲ್ಲಿ ಕಾಯುವ ಅವಧಿ, ಅಂದರೆ ಪರಿಹಾರ ಸಿಗದ ಮೊದಲ ಕೆಲವು ತಿಂಗಳು ಅಥವಾ ವರ್ಷಗಳು ಇರುತ್ತವೆ. ಅದು ಸಂಬಳವಿರುವಾಗಲೇ ಸವೆದರೆ ಒಳ್ಳೆಯದು. ಬಾಕಿಯಿರುವ ತಪಾಸಣೆ, ಕನ್ನಡಕ, ಹಲ್ಲಿನ ಚಿಕಿತ್ಸೆಗಳನ್ನೂ ಮುಗಿಸಿಕೊಳ್ಳಿ.

ಸಾಲ: ಹೆಚ್ಚು ಬಡ್ಡಿಯ ಸಾಲವನ್ನು, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ಮೊದಲು ತೀರಿಸಿ. ಹೊಸ ಸಾಲಕ್ಕೆ ಯಾರಿಗೂ ಜಾಮೀನು ನಿಲ್ಲಬೇಡಿ.

ಒಪ್ಪಂದ: ನೋಟಿಸ್ ಅವಧಿ ಎಷ್ಟು, ಪ್ರತಿಸ್ಪರ್ಧಿ ಸಂಸ್ಥೆಯಲ್ಲಿ ಇಂತಿಷ್ಟು ಕಾಲ ಕೆಲಸ ಮಾಡಬಾರದೆಂಬ ಷರತ್ತು ಇದೆಯೇ, ಕೆಲವೇ ವಾರ ಕಾದರೆ ಬೋನಸ್ ಅಥವಾ ಸೇವಾವಧಿಯ ಹಣ ಕೈಸೇರುತ್ತದೆಯೇ, ನೋಡಿ. ಸಿಟ್ಟಿನಲ್ಲಿ ಒಂದು ತಿಂಗಳು ಮೊದಲೇ ಪತ್ರ ಕೊಟ್ಟು ದೊಡ್ಡ ಮೊತ್ತ ಕಳೆದುಕೊಳ್ಳುವವರಿದ್ದಾರೆ.

ಹೊಸ ಕೆಲಸದ ನೇಮಕಾತಿ ಬರಹದಲ್ಲಿ ಕೈಸೇರುವವರೆಗೆ ಬಾಯಿಮಾತನ್ನು ನೆಚ್ಚಿ ರಾಜೀನಾಮೆ ಕೊಡಬೇಡಿ. ಹೊರಡುವಾಗ ಕೆಲಸವನ್ನು ಅಚ್ಚುಕಟ್ಟಾಗಿ ವಹಿಸಿಕೊಡಿ, ಅನುಭವ ಪತ್ರ ಪಡೆದುಕೊಳ್ಳಿ, ಮನಸ್ಸಿನಲ್ಲಿರುವ ಕಹಿಯನ್ನೆಲ್ಲ ಬೀಳ್ಕೊಡುಗೆಯ ದಿನ ಕಕ್ಕಬೇಡಿ. ಆರನೆಯ ಹಂತದ ಗೆರೆ ಮುಟ್ಟಿದರೆ ಮೊದಲು ಫೋನ್ ಮಾಡಬೇಕಾಗುವುದು ಈ ಜನರಿಗೇ.

8. ಬಿಟ್ಟ ಮೇಲೆ

ಪ್ರತಿ ತಿಂಗಳ ಮೊದಲ ವಾರ ಎರಡನೆಯ ಹಂತದ ಹಾಳೆ ತೆಗೆದು ಅಂದಾಜಿನ ಪಕ್ಕದಲ್ಲಿ ನಿಜವಾದ ಖರ್ಚು ಬರೆಯಿರಿ. ಸಂಗಾತಿಯೂ ನೋಡಲಿ. ಕೊರತೆ ಹೆಚ್ಚಾದದ್ದನ್ನು ಬಚ್ಚಿಡಲು ಶುರು ಮಾಡಿದರೆ ಮುಂದಿನದು ಸುಳ್ಳಿನ ಸರಣಿಯೇ.

ಸಂದರ್ಶನದಲ್ಲಿ "ಈ ವಯಸ್ಸಿನಲ್ಲಿ ಯಾಕೆ?" ಎಂದು ಕೇಳಿಯೇ ಕೇಳುತ್ತಾರೆ. ಹಳೆಯ ಕೆಲಸವನ್ನು ಹಳಿಯದೆ, ಅಲ್ಲಿ ಕಲಿತ ಯಾವುದು ಇಲ್ಲಿ ಉಪಯೋಗಕ್ಕೆ ಬರುತ್ತದೆ ಎಂದು ಎರಡು ವಾಕ್ಯಗಳಲ್ಲಿ ಹೇಳಿ, ನಾಲ್ಕನೆಯ ಹಂತದಲ್ಲಿ ಮಾಡಿದ ಕೆಲಸವನ್ನು ತೋರಿಸಿ. ನಿಮಗಿಂತ ಹತ್ತು ವರ್ಷ ಚಿಕ್ಕವರು ಮೇಲಧಿಕಾರಿಯಾಗಬಹುದು. ಅದು ಒಪ್ಪಿಗೆಯೇ ಎಂದು ಅವರು ಕೇಳುವ ಮೊದಲು ನೀವೇ ಕೇಳಿಕೊಂಡಿರಿ.

ಹಿಂದಿರುಗಬೇಕಾಗಿ ಬಂದರೆ ಬಯೋಡೇಟಾದಲ್ಲಿ ಆ ಅವಧಿಯನ್ನು ಖಾಲಿ ಬಿಡಬೇಡಿ. ಇಂಥ ತಿಂಗಳಿನಿಂದ ಇಂಥ ತಿಂಗಳವರೆಗೆ ಏನು ಕಲಿತಿರಿ, ಯಾರಿಗೆ ಯಾವ ಕೆಲಸ ಮಾಡಿಕೊಟ್ಟಿರಿ ಎಂದು ಎರಡು ಸಾಲು ಬರೆಯಿರಿ. ಅರೆಕಾಲಿಕವಾಗಿ ಹಳೆಯ ಕ್ಷೇತ್ರದ ಕೆಲಸ ಮಾಡಿದ್ದರೆ ಅದೇ ಮೊದಲ ಸಾಲಾಗಲಿ.